ಎಣ್ಣೆಗೆಂಪು ಕೆನ್ನೆಗೆ ಯಾವ ಕೆಂಪು?

ನಮ್ಮ ಕನ್ನಡದಲ್ಲಿ ಮೈಬಣ್ಣಕ್ಕೆ ಎಷ್ಟೊಂದು ಹೆಸರಿದೆ ನೋಡಿ. ಹಾಲುಬಿಳುಪು, ಗೋಧಿ ಬಣ್ಣ, ಎಣ್ಣೆಗೆಂಪು, ನಸುಗಪ್ಪು, ಎಣ್ಣೆಗಪ್ಪು. ಕಾಣೆಯಾದವರ ಪ್ರಕಟಣೆಯಲ್ಲಿ ಓದಿ ಓದಿ ಬಾಯಿಗೆ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ಸಿನಿಮಾ ಹೆಸರೇ ಆಗಿಹೋಯ್ತು. ಆದರೆ ಒಂದು ಬ್ಲಶ್ ಕೊಳ್ಳೋಕೆ ಅಂಗಡಿಗೆ ಹೋಗಿ ನಿಂತರೆ ಈ ಯಾವ ಹೆಸರೂ ಅಲ್ಲಿರಲ್ಲ. ಪೀಚ್, ರೋಸ್, ಕೋರಲ್, ಮಾವ್, ನ್ಯೂಡ್ ಅಂತ ಸಾಲಾಗಿ ಜೋಡಿಸಿರ್ತಾರೆ. ನ್ಯೂಡ್ ಅಂದ್ರೆ ಚರ್ಮದ ಬಣ್ಣದ್ದು ಅಂತ. ಯಾರ ಚರ್ಮ ಅಂತ ಕೇಳಿದರೆ ಉತ್ತರ ಇಲ್ಲ.

ಈ ವಾರ ಬ್ಲಶ್ ಬಗ್ಗೆ ಬರೀತೀನಿ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಚಿಕ್ಕಮ್ಮನ ಮಗಳು ಪುಟ್ಟಿ. ಹಿರಿಯೂರಿನ ಹುಡುಗಿ, ಬೆಂಗಳೂರಿಗೆ ಬಂದು ಎಂಟು ತಿಂಗಳಾಯ್ತು, ಮೊದಲ ಕೆಲಸ. ಕೈಗೆ ಬರೋದು 21 ಸಾವಿರ. ಪಿಜಿಗೆ 8, ಊರಿಗೆ 6, ಬಸ್ಸು, ಊಟ, ಮೊಬೈಲ್ ರೀಚಾರ್ಜ್ ಎಲ್ಲ ಕಳೆದು ತನಗೆ ಅಂತ ಅವಳು ಎತ್ತಿಡೋದು 500 ರೂಪಾಯಿ. ಎಣ್ಣೆಗಪ್ಪು ಮೈಬಣ್ಣ, ಲಕ್ಷಣವಾದ ಮುಖ. ಆದರೆ ಮದುವೆ ಮನೆ ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಜಾರಿಕೊಳ್ಳೋ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇದೆ. ಅದು ಎಲ್ಲಿಂದ ಬಂತು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ‘ಕಪ್ಪಗಿದ್ರೂ ಲಕ್ಷಣವಾಗಿದಾಳೆ’ ಅನ್ನೋ ಮಾತಿನಲ್ಲಿರೋ ಆ ‘ಇದ್ರೂ’ ಇದೆಯಲ್ಲ, ಅಲ್ಲಿಂದ.

ಅವಳು ಫೋನ್‌ನಲ್ಲಿ ಕೇಳಿದ್ದು ಇಷ್ಟೇ: “ಅಕ್ಕಾ, ಬ್ಲಶ್ ನಮ್ಮಂಥೋರಿಗೂ ಕಾಣ್ಸುತ್ತಾ? ಇಲ್ಲಾಂದ್ರೆ ಸುಮ್ನೆ ದುಡ್ಡು ದಂಡ ಅಲ್ವಾ?”

ಬಣ್ಣದ ಪ್ರಶ್ನೆ ಒಂದು, ದುಡ್ಡಿನ ಪ್ರಶ್ನೆ ಇನ್ನೊಂದು. ಎರಡಕ್ಕೂ ಉತ್ತರ ಒಂದೇ: ಕಾಣ್ಸುತ್ತೆ, ಮತ್ತು ಕಾಣೋ ಬಣ್ಣ ಕೊಂಡರೆ ದುಡ್ಡು ದಂಡ ಆಗಲ್ಲ. ಕಮ್ಮಿ ಬಜೆಟ್‌ನ ದೊಡ್ಡ ಗುಟ್ಟು ಆಫರ್‌ನಲ್ಲಿಲ್ಲ, ಕೂಪನ್‌ನಲ್ಲೂ ಇಲ್ಲ. ನಮ್ಮ ಬಣ್ಣ ನಮಗೆ ಗೊತ್ತಿರೋದರಲ್ಲಿದೆ.

ತೆಳು ಗುಲಾಬಿ ಯಾಕೆ ಬೂದಿಯಾಗುತ್ತೆ?

ಡಬ್ಬಿಯಲ್ಲಿ ಮುದ್ದಾಗಿ ಕಾಣೋ ತೆಳು ಗುಲಾಬಿ, ಕಪ್ಪು ಕೆನ್ನೆ ಮೇಲೆ ವಿಭೂತಿ ಬಳಿದ ಹಾಗೆ ಕಾಣೋದನ್ನ ನೀವೂ ನೋಡಿರ್ತೀರಿ. ತಪ್ಪು ಕೆನ್ನೆಯದ್ದಲ್ಲ. ಕಡು ಬಣ್ಣವನ್ನ ತೆಳು ಮಾಡೋಕೆ ಅದಕ್ಕೆ ಬಿಳಿ ಬೆರೆಸಬೇಕು. ಆ ಬಿಳಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯೋ ಪೇಂಟ್‌ಗೆ ಬಿಳುಪು ಕೊಡೋದೂ ಅದೇ. ತಿಳಿ ಮೈಬಣ್ಣದ ಮೇಲೆ ಆ ಬಿಳಿ ಗೊತ್ತೇ ಆಗಲ್ಲ. ನಮ್ಮ ಬಣ್ಣದ ಮೇಲೆ ಗುಲಾಬಿಗಿಂತ ಮೊದಲು ಬಿಳಿಯೇ ಕಣ್ಣಿಗೆ ಬೀಳುತ್ತೆ. ಹಾಗಾಗಿ ಬಣ್ಣ ಕಪ್ಪಾದಷ್ಟೂ ಬಿಳಿ ಕಮ್ಮಿ ಇರೋ ಶೇಡ್ ಬೇಕು, ಅಂದ್ರೆ ಡಬ್ಬಿಯಲ್ಲಿ ನೋಡಿದರೆ ‘ಅಯ್ಯೋ, ಇಷ್ಟು ಗಾಢವಾ!’ ಅನ್ನಿಸಬೇಕು. ಡಬ್ಬಿಯಲ್ಲಿ ಹೆದರಿಸೋ ಬಣ್ಣವೇ ಕೆನ್ನೆ ಮೇಲೆ ಸಹಜವಾಗಿ ಕೂರೋದು.

ಇಂಗ್ಲಿಷ್ ಶೇಡ್ ಹೆಸರು ತಲೆಗೆ ಹೋಗದಿದ್ದರೆ ಸೀರೆ ಅಂಗಡಿಯ ಭಾಷೆ, ಹೂವಿನ ಭಾಷೆ ಬಳಸಿ. ನಾನು ಇಟ್ಟುಕೊಂಡಿರೋ ಲೆಕ್ಕ ಇದು:

ಹಾಲುಬಿಳುಪು, ತಿಳಿ ಗೋಧಿ ಬಣ್ಣಕ್ಕೆ ಈರುಳ್ಳಿ ಸಿಪ್ಪೆ ಬಣ್ಣ, ತಿಳಿ ಗುಲಾಬಿ, ಪೀಚ್.

ಗೋಧಿ ಬಣ್ಣಕ್ಕೆ ಕನಕಾಂಬರದ ಬಣ್ಣ. ಅಂಗಡಿಯಲ್ಲಿ ಕೋರಲ್ ಅಂತ ಕೇಳಿ. ಸ್ವಲ್ಪ ಗಾಢ ಗುಲಾಬಿಯೂ ಒಪ್ಪುತ್ತೆ.

ಎಣ್ಣೆಗೆಂಪಿಗೆ ಇಟ್ಟಿಗೆ ಕೆಂಪು, ದಾಸವಾಳದ ಕೆಂಪು. ಟೆರಾಕೋಟಾ, ಬ್ರಿಕ್ ಅನ್ನೋ ಹೆಸರಲ್ಲಿ ಸಿಗುತ್ತೆ.

ಎಣ್ಣೆಗಪ್ಪಿಗೆ ನೇರಳೆ ಹಣ್ಣಿನ ಬಣ್ಣ, ರಾಣಿ ಪಿಂಕ್, ಕಡು ಕಿತ್ತಳೆ, ಕಡು ಇಟ್ಟಿಗೆ. ಬೆರಿ, ಪ್ಲಮ್ ಅಂತ ಕೇಳಿ. ಪೌಡರ್ ಬ್ಲಶ್‌ನಲ್ಲಿ ಕಡು ಕಿತ್ತಳೆಯನ್ನ ಒಮ್ಮೆ ಕೆನ್ನೆಗೆ ಹಚ್ಚಿ ನೋಡದೆ ‘ನಂಗೆ ಬೇಡ’ ಅನ್ನಬೇಡಿ. ಕಪ್ಪು ಮುಖದ ಮೇಲೆ ಅದು ಬಿಸಿಲು ಬಿದ್ದಷ್ಟು ಚೆಂದ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಕನ್ನಡಿ ಮುಂದೆ ನಿಂತು ಕೆಳತುಟಿಯನ್ನ ಸ್ವಲ್ಪ ಎಳೆದು ಒಳಭಾಗದ ಬಣ್ಣ ನೋಡಿ. ಅದಕ್ಕೆ ಹತ್ತಿರದ ಕೆಂಪು ಹುಡುಕಿದರೆ ಬ್ಲಶ್ ಹಚ್ಚಿದ್ದು ಹಚ್ಚಿದ ಹಾಗೆ ಕಾಣಲ್ಲ, ಈಗ ತಾನೇ ಮೆಟ್ಟಿಲು ಹತ್ತಿ ಬಂದ ಹಾಗೆ ಕಾಣುತ್ತೆ.

ಅಂಗಡಿಯಲ್ಲಿ

ಶನಿವಾರ ಸಂಜೆ ನಾಲ್ಕಕ್ಕೆ ನಾನೂ ಪುಟ್ಟಿಯೂ ಮಲ್ಲೇಶ್ವರಕ್ಕೆ ಹೋದ್ವಿ. ಬೆಳಕಿರುವಾಗಲೇ ಹೋಗಬೇಕು ಅಂತ ನಾನೇ ಹಟ ಮಾಡಿದ್ದು, ಯಾಕೆ ಅಂತ ಮುಂದೆ ಹೇಳ್ತೀನಿ. ಮೊದಲು ಹೊಕ್ಕಿದ್ದು ಕಣ್ಣು ಕುಕ್ಕೋ ಹಾಗೆ ಲೈಟ್ ಹಾಕಿದ್ದ ದೊಡ್ಡ ಅಂಗಡಿ. ಕೌಂಟರ್‌ನಲ್ಲಿದ್ದ ಹುಡುಗಿ ಪುಟ್ಟಿಯ ಮುಖ ಒಂದು ಸಲ ನೋಡಿ ನನ್ನ ಕಡೆ ತಿರುಗಿ ಹೇಳಿದಳು: “ಮೇಡಂ, ಈ ಸ್ಕಿನ್‌ಗೆ ಬ್ಲಶ್ ಎದ್ದು ಕಾಣಲ್ಲ. ಮೊದಲು ಈ ಬ್ರೈಟನಿಂಗ್ ಕ್ರೀಮ್ ಮೂರು ತಿಂಗಳು ಹಚ್ಚಲಿ, ಆಮೇಲೆ ಬನ್ನಿ.” ಕ್ರೀಮಿನ ಬೆಲೆ 899. ಪುಟ್ಟಿಯ ಹತ್ತಿರ ಇದ್ದದ್ದು 500.

“ನಾವು ಬಂದಿರೋದು ಬಣ್ಣ ಹಚ್ಚೋಕೆ, ಬಣ್ಣ ತೆಗೆಯೋಕಲ್ಲ” ಅಂದೆ. ಪುಟ್ಟಿ ಏನೂ ಮಾತಾಡಲಿಲ್ಲ. ಬ್ಯಾಗಿನ ಜಿಪ್ ಎಳೆದು ಹೊರಗೆ ಹೊರಟೇಬಿಟ್ಟಳು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಟಾರ್ಗೆಟ್ ಇರುತ್ತೆ, ಹೇಳಿಕೊಟ್ಟದ್ದನ್ನ ಹೇಳ್ತಾಳೆ. ಆದರೆ ಬೆಳ್ಳಗಾದ ಮೇಲೆ ಬನ್ನಿ ಅನ್ನೋ ವ್ಯಾಪಾರ ನಮ್ಮ ದೇಶದಲ್ಲಿ ಹಳೇದು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂದದ್ದು 2020ರಲ್ಲಿ. ನಡುವೆ 45 ವರ್ಷ. ನಮ್ಮ ಅಮ್ಮಂದಿರು, ನಾವು, ಎಲ್ಲರೂ ಆ 45 ವರ್ಷದೊಳಗೇ ಬೆಳೆದವರು. ಇನ್ನು ಹೆಸರು ದೆಸೆ ಇಲ್ಲದ ಬಿಳುಪಿನ ಕ್ರೀಮ್‌ಗಳ ಕಥೆಯೇ ಬೇರೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಬಳಸಿದ ಹಲವರಿಗೆ ಕಿಡ್ನಿ ತೊಂದರೆ ಕಾಣಿಸಿತು. ಕಾರಣ ಅದರಲ್ಲಿದ್ದ ಪಾದರಸ ಅಂತ ವೈದ್ಯರು ಗುರುತಿಸಿದರು. ಕೆನ್ನೆಯ ಮೇಲಿನ ಬಣ್ಣ ಸಂಜೆ ಮುಖ ತೊಳೆದರೆ ಹೋಗುತ್ತೆ. ಪಾದರಸ ಹಾಗೆ ಹೋಗಲ್ಲ.

ಎರಡನೇ ಅಂಗಡಿ ಹಳೇ ಫ್ಯಾನ್ಸಿ ಸ್ಟೋರ್. ಬಳೆ, ಕ್ಲಿಪ್ಪು, ಸ್ಟಿಕ್ಕರ್ ಬಿಂದಿ, ಹೇರ್‌ಬ್ಯಾಂಡ್ ನಡುವೆ ಒಂದು ಗಾಜಿನ ಕಪಾಟು ತುಂಬ ಮೇಕಪ್. ಅಂಗಡಿಯವರು ಅರವತ್ತು ದಾಟಿದವರು. “ಸಾರ್, ಗಾಢ ಬಣ್ಣದ್ದು ತೋರ್ಸಿ” ಅಂದಿದ್ದಕ್ಕೆ, “ಅದು ಮುಂದೆ ಇಡಲ್ಲಮ್ಮ, ಜನ ಹೆದರ್ಕೋತಾರೆ” ಅಂತ ಕೆಳಗಿನ ಡ್ರಾಯರ್ ಎಳೆದರು. ಅಲ್ಲಿದ್ದವು ನಮಗೆ ಬೇಕಾದ ಬಣ್ಣ.

ಈಗ ಬೆಳಕಿನ ವಿಷಯ. ಅಂಗಡಿಯ ಲೈಟ್‌ನಲ್ಲಿ ಎಲ್ಲ ಬಣ್ಣವೂ ಚೆಂದ. ಹಚ್ಚಿಕೊಂಡು ಬಾಗಿಲ ಹತ್ತಿರ ಬಂದು, ಹಗಲ ಬೆಳಕಲ್ಲಿ ಮೊಬೈಲ್ ಕ್ಯಾಮೆರಾ ತೆರೆದು ನೋಡಿ. ಫಿಲ್ಟರ್ ಆಫ್ ಮಾಡಿರಿ. ಹಚ್ಚೋದೂ ಅಷ್ಟೇ, ಮಣಿಕಟ್ಟಿನ ಒಳಭಾಗದ ಮೇಲೆ ಬೇಡ, ಅದು ಮುಖಕ್ಕಿಂತ ತಿಳಿ ಇರುತ್ತೆ. ದವಡೆಯ ಹತ್ತಿರ ಹಚ್ಚಿ. ಟೆಸ್ಟರ್ ಎಷ್ಟು ಜನರ ಬೆರಳು ಕಂಡಿದೆಯೋ, ಮೇಲಿನ ಪದರವನ್ನ ಟಿಶ್ಯೂನಿಂದ ಒರೆಸಿ ಆಮೇಲೆ ಮುಟ್ಟಿ. ಟೆಸ್ಟರ್ ಲಿಪ್‌ಸ್ಟಿಕ್ ಮಾತ್ರ ನೇರ ತುಟಿಗೆ ಬೇಡವೇ ಬೇಡ, ಕೈಮೇಲೆ ಸಾಕು.

ಪುಟ್ಟಿ ಬಾಗಿಲಲ್ಲಿ ನಿಂತು ಒಂದು ಕೆನ್ನೆಗೆ ತೆಳು ಗುಲಾಬಿ, ಇನ್ನೊಂದಕ್ಕೆ ನೇರಳೆ ಬಣ್ಣ ಹಚ್ಚಿಕೊಂಡು ಮೊಬೈಲ್ ನೋಡಿಕೊಂಡಳು. ಆ ಕಡೆ ಈ ಕಡೆ ಮುಖ ತಿರುಗಿಸಿದಳು. “ಕಾಣ್ಸುತ್ತೆ ಅಕ್ಕಾ” ಅಂದಳು, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ. ನೇರಳೆ ಶೇಡ್‌ನ 4 ಗ್ರಾಂ ಡಬ್ಬಿಗೆ 240 ರೂಪಾಯಿ. ಕೊಸರಿಗೆ ಎರಡು ಹೇರ್‌ಪಿನ್ ಕೊಟ್ಟರು.

ಗ್ರಾಂ ಲೆಕ್ಕ, ದಿನದ ಲೆಕ್ಕ

ಈಗ ಪ್ಯಾಕ್‌ಗಳ ಮೇಲೆ ಎಂಆರ್‌ಪಿ ಜೊತೆಗೆ ಒಂದು ಗ್ರಾಂಗೆ ಎಷ್ಟು ಅಂತಲೂ ಅಚ್ಚು ಹಾಕಿರ್ತಾರೆ. ಅಕ್ಕಿ, ಎಣ್ಣೆ ಕೊಳ್ಳುವಾಗ ಈ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತೆ. ಬ್ಲಶ್ ವಿಷಯದಲ್ಲಿ ಮಾತ್ರ ಹುಷಾರು. 4 ಗ್ರಾಂಗೆ 240 ಅಂದ್ರೆ ಗ್ರಾಂಗೆ 60. ಪಕ್ಕದಲ್ಲೇ 8 ಗ್ರಾಂಗೆ 400, ಗ್ರಾಂಗೆ 50. ದೊಡ್ಡದೇ ಲಾಭ ಅನ್ನಿಸುತ್ತೆ. ಆದರೆ ಬ್ಲಶ್ ಡಬ್ಬಿ ತಳ ಕಂಡವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ, ಹೇಳಿ? ಒಂದು ಸಲಕ್ಕೆ ಬ್ರಶ್‌ಗೆ ಅಂಟೋದು ಚಿಟಿಕೆಗಿಂತ ಕಮ್ಮಿ. 8 ಗ್ರಾಂ ಮುಗಿಯೋ ಮೊದಲು ಅದರ ಆಯಸ್ಸು ಮುಗಿಯುತ್ತೆ. ಹಾಗಾಗಿ ಬಣ್ಣದ ಸಾಮಾನಿಗೆ ಚಿಕ್ಕ ಡಬ್ಬಿಯೇ ಅಗ್ಗ.

ನಾನು ಹಾಕೋದು ದಿನದ ಲೆಕ್ಕ. ವಾರಕ್ಕೆ ಮೂರು ದಿನ ಹಚ್ಚಿದರೂ ವರ್ಷಕ್ಕೆ 150 ದಿನ. 240 ರೂಪಾಯಿಯನ್ನ 150ರಿಂದ ಭಾಗಿಸಿದರೆ ದಿನಕ್ಕೆ 1 ರೂಪಾಯಿ 60 ಪೈಸೆ. ಆಫೀಸ್ ಕೆಳಗಿನ ಬೈಟು ಕಾಫಿಗೂ ಅದು ಸಾಲಲ್ಲ. ಅದೇ 12 ಬಣ್ಣದ ಪ್ಯಾಲೆಟ್ ಅಂತ 600 ಕೊಟ್ಟು ತಂದು, ಅದರಲ್ಲಿ ಎರಡೇ ಬಣ್ಣ ಬಳಸಿದರೆ ಉಳಿದ ಹತ್ತು ಬಣ್ಣಕ್ಕೆ 500 ರೂಪಾಯಿ ಕೊಟ್ಟ ಹಾಗಾಯ್ತು. ಪ್ಯಾಲೆಟ್ ನೋಡಿದಾಗ ‘ಎಷ್ಟು ಬಣ್ಣ ಇದೆ’ ಅಂತ ಎಣಿಸಬೇಡಿ, ‘ನನ್ನದು ಎಷ್ಟಿದೆ’ ಅಂತ ಎಣಿಸಿ.

ಒಂದು ಡಬ್ಬಿ, ಮೂರು ಕೆಲಸ

ಹೊಸ ಬಣ್ಣ ಪ್ರಯತ್ನಿಸೋಕೆ ಹೊಸ ಸಾಮಾನೇ ಬೇಕು ಅಂತಿಲ್ಲ. ಮನೆಯಲ್ಲಿರೋ ಲಿಪ್‌ಸ್ಟಿಕ್ ತಗೊಳ್ಳಿ, ಕಡ್ಡಿ ರೂಪದ್ದು, ಸ್ವಲ್ಪ ಮೆತ್ತಗಿರೋದು. ಎರಡು ಚುಕ್ಕಿ ಕೈಮೇಲೆ ಇಟ್ಟು ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಉಂಗುರ ಬೆರಳಿಂದ ಕೆನ್ನೆಗೆ ತಟ್ಟಿ. ಎಳೆಯಬೇಡಿ, ತಟ್ಟಿ. ಕ್ರೀಮ್ ಬ್ಲಶ್ ಹೇಗಿರುತ್ತೆ ಅಂತ ಖರ್ಚಿಲ್ಲದೆ ಗೊತ್ತಾಗುತ್ತೆ, ಯಾವ ಶೇಡ್ ಒಪ್ಪುತ್ತೆ ಅಂತಲೂ ಗೊತ್ತಾಗುತ್ತೆ. ಬೇಗ ಒಣಗೋ ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಈ ಕೆಲಸಕ್ಕೆ ಆಗಲ್ಲ, ತಟ್ಟೋದರೊಳಗೆ ಗಟ್ಟಿಯಾಗಿ ಕಲೆ ನಿಲ್ಲುತ್ತೆ. ಮೊಡವೆ ಜಾಸ್ತಿ ಇರೋರೂ ಲಿಪ್‌ಸ್ಟಿಕ್ ಕೆನ್ನೆಗೆ ತರೋದು ಬೇಡ, ಅದರ ಮೇಣ, ಎಣ್ಣೆ ರಂಧ್ರ ಕಟ್ಟಬಹುದು. ಅವರಿಗೆ ಪೌಡರ್ ಬ್ಲಶ್ಶೇ ಸರಿ.

ಪೌಡರ್ ಬ್ಲಶ್ ಅನ್ನ ರೆಪ್ಪೆ ಮೇಲೆ ಸ್ವಲ್ಪ ಸವರಿದರೆ ಐಶ್ಯಾಡೋ ಖರ್ಚು ಉಳಿಯುತ್ತೆ. ಮೊದಲು ಲೇಬಲ್ ನೋಡಿ, ಕಣ್ಣಿನ ಸುತ್ತ ಬಳಸಬೇಡಿ ಅಂತ ಬರೆದಿದ್ದರೆ ಬಿಟ್ಟುಬಿಡಿ. ಕುಂಕುಮವನ್ನ ಕೆನ್ನೆಗೆ ಹಚ್ಚೋ ಐಡಿಯಾ ಕೆಲವರಿಗೆ ಬರುತ್ತೆ. ಅರಿಶಿನ, ಸುಣ್ಣದಿಂದ ಮಾಡಿದ್ದು ಅಂತ ನಂಬಿ ತರೋ ಎಷ್ಟೋ ಕುಂಕುಮದಲ್ಲಿ ಕೃತಕ ಬಣ್ಣ ಇರುತ್ತೆ. ಹಣೆಯಲ್ಲೇ ತುರಿಕೆ ಬರೋರಿದ್ದಾರೆ, ಕೆನ್ನೆಗಂತೂ ಬೇಡ.

ಹಚ್ಚೋ ಕ್ರಮ ಒಂದೇ ನೆನಪಿಟ್ಟುಕೊಳ್ಳಿ: ಕ್ರೀಮ್ ಮೊದಲು, ಪೌಡರ್ ಆಮೇಲೆ. ಸನ್‌ಸ್ಕ್ರೀನ್ ಹಚ್ಚಿ ನಾಲ್ಕೈದು ನಿಮಿಷ ಬಿಟ್ಟು ಕ್ರೀಮ್ ಬ್ಲಶ್, ಅದರ ಮೇಲೆ ಬೇಕಿದ್ದರೆ ಪೌಡರ್. ತಿರುಗಾಮುರುಗಾ ಮಾಡಿದರೆ ತೇಪೆ ಹಾಕಿದ ಹಾಗಾಗುತ್ತೆ. ಗಾಢ ಶೇಡ್ ಆದ್ದರಿಂದ ಬ್ರಶ್ಶನ್ನ ಒಮ್ಮೆ ಕೊಡವಿ, ತೆಳ್ಳಗೆ ಎರಡು ಸಲ ಹಚ್ಚಿ. ದುಂಡು ಮುಖದವರು ಕೆನ್ನೆಯ ಉಬ್ಬಿನ ಮೇಲೆ ಹಚ್ಚೋ ಬದಲು ಕೆನ್ನೆ ಮೂಳೆಯಿಂದ ಕಿವಿಯ ಕಡೆಗೆ ಮೇಲ್ಮುಖವಾಗಿ ಸವರಿದರೆ ಮುಖ ಎತ್ತಿದ ಹಾಗೆ ಕಾಣುತ್ತೆ.

ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗೋರಿಗೆ ಒಂದು ಮಾತು. ಹೆಲ್ಮೆಟ್ಟಿನ ಕೆನ್ನೆ ಪ್ಯಾಡು ಅರ್ಧ ಬ್ಲಶ್ ತಿಂದುಬಿಡುತ್ತೆ. ಬಣ್ಣವನ್ನ ಬ್ಯಾಗಲ್ಲಿಟ್ಟುಕೊಂಡು ಹೋಗಿ, ಆಫೀಸ್ ವಾಶ್‌ರೂಮಿನಲ್ಲಿ ಒಂದು ನಿಮಿಷ ಸಾಕು. ಹೆಲ್ಮೆಟ್ ಬಿಡೋ ಉಪಾಯ ಮಾತ್ರ ಹುಡುಕಬೇಡಿ.

ಡಬ್ಬಿ ತಿರುಗಿಸಿ ಓದಿ

ಕಮ್ಮಿ ಬೆಲೆ ಬೇರೆ, ಕಳ್ಳಮಾಲು ಬೇರೆ. ಇನ್ನೂರು, ಮುನ್ನೂರರ ಒಳಗೆ ಒಳ್ಳೆ ಬ್ಲಶ್ ಕೊಡೋ ಕಂಪನಿಗಳು ಈಗ ಬೇಕಾದಷ್ಟಿವೆ. ಆದರೆ ಸಾವಿರ ರೂಪಾಯಿ ಬ್ರ್ಯಾಂಡಿನ ಹೆಸರು ಹಾಕಿ ನೂರಕ್ಕೆ ಕೊಡ್ತೀನಿ ಅಂದ್ರೆ ಕೈ ಹಿಂದಕ್ಕೆ ತಗೊಳ್ಳಿ. ಡಬ್ಬಿ ಹಿಂದೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ತಯಾರಿಕೆಯ ಲೈಸೆನ್ಸ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನೋ ತಾರೀಕು ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಇದು ಕಾನೂನು, ನಮ್ಮ ಚಪಲ ಅಲ್ಲ.

ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರವೂ, ಅದರೊಳಗೆ 12 ಎಂ, 24 ಎಂ ಅಂತಲೂ ಇರುತ್ತೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ. ತೆರೆದ ದಿನವನ್ನ ಡಬ್ಬಿ ತಳದಲ್ಲಿ ಮಾರ್ಕರ್‌ನಿಂದ ಬರೆದಿಡಿ. ಕ್ರೀಮ್ ವಾಸನೆ ತಿರುಗಿದರೆ ತಾರೀಕು ಇದ್ದರೂ ಬಿಸಾಡಿ.

ಸಸ್ಯಾಹಾರಿಗಳು ಇದನ್ನೂ ತಿಳಿದಿರಲಿ: ಕೆಂಪು, ಗುಲಾಬಿ ಬಣ್ಣಕ್ಕೆ ಬಳಸೋ ಕಾರ್ಮೈನ್ ಕೀಟದಿಂದ ಬರುತ್ತೆ. ಲೇಬಲ್‌ನಲ್ಲಿ ಸಿಐ 75470 ಅಂತ ಇದ್ದರೆ ಅದೇ. ಬೇಡ ಅನ್ನೋರು ಹಸಿರು ಚುಕ್ಕೆ ಇರೋದನ್ನ ಹುಡುಕಿ, ಹಲವು ಪ್ಯಾಕ್‌ಗಳ ಮೇಲೆ ಇರುತ್ತೆ.

ಏನೇ ತಂದರೂ ಮೊದಲ ದಿನ ಕೆನ್ನೆಗೆ ಬೇಡ. ಕಿವಿ ಹಿಂದೆ ಅಥವಾ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಮದುವೆ ಹಿಂದಿನ ರಾತ್ರಿ ಹೊಸ ಡಬ್ಬಿ ತೆರೆಯೋರಿಗೆ ಇದನ್ನ ಎರಡು ಸಲ ಹೇಳ್ತೀನಿ. ಬ್ರಶ್ ವಾರಕ್ಕೊಮ್ಮೆ ಮಕ್ಕಳ ಶಾಂಪೂ ಹಾಕಿ ತೊಳೆಯಿರಿ.

ಪುಟ್ಟಿಯ ವರದಿಯನ್ನೂ ಕೊಟ್ಟುಬಿಡ್ತೀನಿ. ಕಿವಿ ಹಿಂದಿನ ಪರೀಕ್ಷೆ ಮುಗಿಸಿ, ಬುಧವಾರ ನೇರಳೆ ಬ್ಲಶ್ ಹಚ್ಚಿಕೊಂಡು ಸಂಜೆ ಊರಿಗೆ ವಿಡಿಯೊ ಕಾಲ್ ಮಾಡಿದ್ದಾಳೆ. ಚಿಕ್ಕಮ್ಮ ನೋಡಿದವರೇ, “ಮುಖ ಕಳೆಕಳೆಯಾಗಿದೆಯಲ್ಲೇ! ಪಿಜಿ ಊಟ ಸರಿಹೋಯ್ತಾ?” ಅಂದರಂತೆ. ಇವಳು ಹೌದಮ್ಮ ಅಂದು ಸುಮ್ಮನಾಗಿದ್ದಾಳೆ. ಮುಖದ ಬಣ್ಣದ ಬಗ್ಗೆ ಅವರಿಬ್ಬರ ನಡುವೆ ‘ಇದ್ರೂ’ ಇಲ್ಲದ ಮಾತು ಬಂದದ್ದು ಬಹಳ ದಿನದ ಮೇಲೆ.

500 ರೂಪಾಯಿ, ಮೂರು ತಿಂಗಳು

ಮೊದಲ ತಿಂಗಳು ನಿಮ್ಮ ಬಣ್ಣಕ್ಕೆ ಒಪ್ಪೋ ಒಂದೇ ಒಂದು ಪೌಡರ್ ಬ್ಲಶ್, ಚಿಕ್ಕ ಡಬ್ಬಿ. ಉಳಿದ ದುಡ್ಡಿಗೆ ಒಂದು ಬ್ರಶ್.

ಎರಡನೇ ತಿಂಗಳು ಅದೇ ಬಣ್ಣದ ಮನೆತನದ ಒಂದು ಲಿಪ್‌ಸ್ಟಿಕ್. ತುಟಿಗೂ ಆಯ್ತು, ಕೆನ್ನೆಗೂ ಆಯ್ತು.

ಮೂರನೇ ತಿಂಗಳು ಏನೂ ಕೊಳ್ಳಬೇಡಿ. ಇರೋದನ್ನೇ ಬೇರೆ ಬೇರೆ ಥರ ಹಚ್ಚಿ ನೋಡಿ. ಆ 500 ಹಾಗೇ ಇರಲಿ, ಹಬ್ಬಕ್ಕೆ ಒಂದು ಧೈರ್ಯದ ಬಣ್ಣ ತಗೊಳ್ಳೋಕೆ ಬರುತ್ತೆ.

ಅಂಗಡಿಗೆ ಹೋದಾಗ ಯಾರಾದರೂ ‘ನಿಮ್ಮ ಸ್ಕಿನ್‌ಗೆ ಇದು ಕಾಣಲ್ಲ’ ಅಂದರೆ ಬೇಜಾರು ಮಾಡ್ಕೋಬೇಡಿ, ವಾದಕ್ಕೂ ಇಳಿಯಬೇಡಿ. ಕೆಳಗಿನ ಡ್ರಾಯರ್ ತೆಗೀರಿ ಅನ್ನಿ. ಅವರ ಹತ್ತಿರ ಡ್ರಾಯರ್ ಇಲ್ಲಾಂದ್ರೆ ಮುಂದಿನ ಅಂಗಡಿಯಲ್ಲಿ ಇರುತ್ತೆ.